ಮುಂಜಗಲಿಗೆ ಹೊಸ ಕುಂಡ, ಹೊಸ ಗಿಡ: ಬಿಸಿಲು ನೋಡಿ ಆರಿಸುವ ಕ್ರಮ

ಮನೆಯ ಮುಂಜಗಲಿಗೆ ಹೊಸ ಕಳೆ ಬರಬೇಕಾದರೆ ಗೋಡೆಗೆ ಬಣ್ಣ ಹೊಡೆಸಬೇಕು, ನೆಲ ಕಿತ್ತು ಟೈಲ್ಸ್ ಹಾಕಿಸಬೇಕು ಎಂದೇನಿಲ್ಲ. ತಕ್ಕ ಜಾಗದಲ್ಲಿ ಇಟ್ಟ ಐದಾರು ದೊಡ್ಡ ಕುಂಡಗಳಿದ್ದು, ಅವುಗಳಲ್ಲಿ ಗಿಡಗಳು ನಳನಳಿಸುತ್ತಿದ್ದರೆ ಬಾಗಿಲಿಗೆ ಬಂದವರ ಕಣ್ಣು ಹಳೆಯ ಗೋಡೆಯ ಮೇಲೆ ಹೋಗುವುದೇ ಇಲ್ಲ. ಆದರೆ ಬಹಳಷ್ಟು ಮನೆಗಳಲ್ಲಿ ಈ ಕೆಲಸ ಹಿಂದುಮುಂದಾಗಿ ನಡೆಯುತ್ತದೆ. ಮೊದಲು ನರ್ಸರಿಗೆ ಹೋಗಿ ಕಣ್ಣಿಗೆ ಹಿಡಿಸಿದ ಗಿಡಗಳನ್ನು ತರುತ್ತೇವೆ, ಆಮೇಲೆ ಅವಕ್ಕೆ ಕುಂಡ ಹುಡುಕುತ್ತೇವೆ, ಕೊನೆಗೆ ಕುಂಡ ಇಡಲು ಜಾಗ ಹುಡುಕುತ್ತೇವೆ; ಮೂರು ತಿಂಗಳು ಕಳೆಯುವಷ್ಟರಲ್ಲಿ ಅರ್ಧ ಗಿಡಗಳು ಸೊರಗಿ, ಜಗಲಿ ಮೊದಲಿಗಿಂತಲೂ ಬಡವಾಗಿ ಕಾಣುತ್ತದೆ. ಇದನ್ನು ತಿರುಗಿಸಿ, ಮೊದಲು ಬಿಸಿಲು, ಆಮೇಲೆ ಜಾಗ, ಅನಂತರ ಕುಂಡ ಮತ್ತು ಮಣ್ಣು, ಎಲ್ಲಕ್ಕಿಂತ ಕೊನೆಗೆ ಗಿಡ ಎಂಬ ಕ್ರಮದಲ್ಲಿ ಹೋದರೆ ಖರ್ಚೂ ಕಡಿಮೆಯಾಗುತ್ತದೆ, ಗಿಡಗಳೂ ಉಳಿಯುತ್ತವೆ. ಮುಂದಿನ ವಿವರಗಳು ಆ ಕ್ರಮದಲ್ಲೇ ಇವೆ.

ಬಿಸಿಲಿನ ಲೆಕ್ಕ

ಈ ಪಾಠವನ್ನು ನಾನು ಕಲಿತದ್ದು ಆರು ಗುಲಾಬಿ ಗಿಡಗಳಿಂದ. ನಮ್ಮ ಮನೆ ಇರುವುದು ಮೈಸೂರಿನಲ್ಲಿ. ಜಗಲಿ ದಕ್ಷಿಣಕ್ಕೆ ಮುಖ ಮಾಡಿದೆ, ಕೆಂಪು ಗಾರೆಯ ನೆಲ, ಸೂರಿನ ಅಂಚು ನೆಲದಿಂದ ಸುಮಾರು 9 ಅಡಿ ಎತ್ತರದಲ್ಲಿದೆ. ಒಂದು ವರ್ಷ ದಸರೆಯ ಸಮಯದಲ್ಲಿ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನ ನೋಡಿ ಬಂದ ಹುರುಪಿನಲ್ಲಿ ಆರು ಗುಲಾಬಿ ಗಿಡಗಳನ್ನು ತಂದು ಜಗಲಿಯಲ್ಲಿ ಸಾಲಾಗಿ ಇಟ್ಟೆ. ಚಳಿಗಾಲವಿಡೀ ಅವು ಮೈತುಂಬ ಹೂ ಬಿಟ್ಟವು. ಮಾರ್ಚ್ ಕಳೆದ ಮೇಲೆ ಮೊಗ್ಗು ಕಡಿಮೆಯಾಯಿತು, ಮೇ ತಿಂಗಳಲ್ಲಿ ಹೊಸ ಚಿಗುರು ತೆಳ್ಳಗೆ ಉದ್ದವಾಗಿ ಹೊರಗಿನ ಬೆಳಕಿನ ಕಡೆ ಬಾಗಿತು, ಜುಲೈ ಹೊತ್ತಿಗೆ ಎಲೆಗಳ ಮೇಲೆ ಕಪ್ಪು ಚುಕ್ಕೆ ಬಿದ್ದು ಎರಡು ಗಿಡಗಳು ಸತ್ತೇ ಹೋದವು. ಗೊಬ್ಬರ ಬದಲಾಯಿಸಿದೆ, ಔಷಧಿ ಹೊಡೆದೆ, ಯಾವುದೂ ನಾಟಲಿಲ್ಲ. ಗಿಡಗಳಿಗೆ ಬೇಕಾಗಿದ್ದ ಬಿಸಿಲು ಜಗಲಿಯಿಂದ ಎದ್ದುಹೋಗಿದೆ ಎಂಬುದು ಮಾತ್ರ ನನಗೆ ಹೊಳೆಯಲಿಲ್ಲ.

ಕಾರಣ ಸರಳವಾದದ್ದು. ಮೈಸೂರು, ಬೆಂಗಳೂರುಗಳು ಸಮಭಾಜಕ ವೃತ್ತದಿಂದ ಸುಮಾರು 12ರಿಂದ 13 ಡಿಗ್ರಿ ಉತ್ತರದಲ್ಲಿವೆ. ಆದ್ದರಿಂದ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ವಾಲಿರುತ್ತಾನೆ, ಉಳಿದ ಕಾಲದಲ್ಲಿ ದಕ್ಷಿಣಕ್ಕೆ ವಾಲಿರುತ್ತಾನೆ. ಕಲಬುರಗಿ, ಬೀದರ್ ಕಡೆ ಈ ಅವಧಿ ಇನ್ನೂ ಚಿಕ್ಕದು, ಸುಮಾರಾಗಿ ಮೇ ಎರಡನೆಯ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಮಾತ್ರ. ಡಿಸೆಂಬರ್ ಮಧ್ಯಾಹ್ನ ಸೂರ್ಯ ದಕ್ಷಿಣ ದಿಕ್ಕಿನಲ್ಲಿ 54 ಡಿಗ್ರಿ ಎತ್ತರದಲ್ಲಿರುವುದರಿಂದ, 9 ಅಡಿ ಎತ್ತರದ ಸೂರಿನ ಕೆಳಗೂ ಬಿಸಿಲು ಆರೂವರೆ ಅಡಿಯಷ್ಟು ಒಳಕ್ಕೆ ಚಾಚುತ್ತದೆ. ಮಾರ್ಚ್ ಮೂರನೆಯ ವಾರಕ್ಕೆ ಅದೇ ಬಿಸಿಲು ಎರಡು ಅಡಿಗೆ ಕುಗ್ಗುತ್ತದೆ. ಮೇ, ಜೂನ್, ಜುಲೈ ತಿಂಗಳುಗಳಲ್ಲಿ ದಕ್ಷಿಣದ ಜಗಲಿಗೆ ನೇರ ಬಿಸಿಲು ಬೀಳುವುದೇ ಇಲ್ಲ. ಅಕ್ಟೋಬರ್‌ನಲ್ಲಿ ಕಂಡ ಬಿಸಿಲನ್ನು ನಂಬಿ ವರ್ಷಪೂರ್ತಿಯ ಗಿಡ ಆರಿಸಿದ್ದೇ ನನ್ನ ತಪ್ಪಾಗಿತ್ತು.

ಉತ್ತರಕ್ಕೆ ಮುಖ ಮಾಡಿದ ಜಗಲಿಯಲ್ಲಿ ಇದರ ಪ್ರತಿರೂಪ ಕಾಣುತ್ತದೆ. ಚಳಿಗಾಲದಲ್ಲಿ ಅಲ್ಲಿ ಪೂರ್ತಿ ನೆರಳು, ಬೇಸಿಗೆಯ ಕೊನೆಯಿಂದ ಮಳೆಗಾಲದವರೆಗೆ ಬೆಳಿಗ್ಗೆ ಮತ್ತು ಸಂಜೆ ಓರೆಯಾದ ಬಿಸಿಲು. ಪೂರ್ವದ ಜಗಲಿ ಗಿಡಗಳ ಪಾಲಿಗೆ ಅತ್ಯುತ್ತಮವಾದದ್ದು. ವರ್ಷದ ಎಲ್ಲ ಕಾಲದಲ್ಲೂ ಎಳೆಬಿಸಿಲು ಸಿಗುತ್ತದೆ, ಮಧ್ಯಾಹ್ನದ ಕಾವು ತಟ್ಟುವುದಿಲ್ಲ. ಪಶ್ಚಿಮದ ಜಗಲಿಯಲ್ಲಿ ಫೆಬ್ರುವರಿಯಿಂದ ಮೇ ತಿಂಗಳವರೆಗೆ ಇಳಿಹೊತ್ತಿನ ಬಿಸಿಲು ಗೋಡೆಯನ್ನೂ ನೆಲವನ್ನೂ ಕಾಯಿಸಿ, ಸಂಜೆ ಏಳರವರೆಗೂ ಕುಂಡದ ಬೇರುಗಳನ್ನು ಬೇಯಿಸುತ್ತದೆ. ಅಲ್ಲಿಗೆ ತೆಳುವಾದ ಎಲೆಯ ಗಿಡಗಳನ್ನು ತರುವುದೇ ಬೇಡ.

ನಿಮ್ಮ ಜಗಲಿಯ ಲೆಕ್ಕ ಹಿಡಿಯಲು ಒಂದು ಸೀಮೆಸುಣ್ಣ ಮತ್ತು ಒಂದು ರಜಾದಿನ ಸಾಕು. ಬೆಳಿಗ್ಗೆ 8, 11, ಮಧ್ಯಾಹ್ನ 2 ಮತ್ತು ಸಂಜೆ 5 ಗಂಟೆಗೆ ನೆಲದ ಮೇಲೆ ಬಿಸಿಲು ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ಗೆರೆ ಎಳೆದು, ಗೆರೆಯ ಪಕ್ಕದಲ್ಲಿ ಹೊತ್ತನ್ನು ಬರೆಯಬೇಕು. ಎದುರು ಮನೆಯ ಎರಡನೆಯ ಮಹಡಿ, ಬೀದಿಯ ಮರ, ಪಕ್ಕದ ನೀರಿನ ಟ್ಯಾಂಕ್ ಇವೆಲ್ಲ ಎಷ್ಟು ಹೊತ್ತು ನೆರಳು ಹಾಕುತ್ತವೆ ಎಂಬುದು ಆಗ ತಾನಾಗಿ ತಿಳಿಯುತ್ತದೆ. ಸಂಜೆಯ ಹೊತ್ತಿಗೆ ನೆಲದ ಮೇಲೊಂದು ನಕ್ಷೆಯೇ ಮೂಡಿರುತ್ತದೆ. ಐದು ಗಂಟೆಗಿಂತ ಹೆಚ್ಚು ನೇರ ಬಿಸಿಲು ಬೀಳುವ ಪಟ್ಟಿ, ಎರಡು ಮೂರು ಗಂಟೆ ಬೀಳುವ ಪಟ್ಟಿ, ಬೆಳಕು ಮಾತ್ರ ಇರುವ ಪಟ್ಟಿ ಎಂದು ಅದನ್ನು ಮೂರು ಭಾಗ ಮಾಡಿ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಇದನ್ನೇ ಒಮ್ಮೆ ಡಿಸೆಂಬರ್‌ನಲ್ಲಿ, ಒಮ್ಮೆ ಮೇ ತಿಂಗಳಲ್ಲಿ ಮಾಡಿದರೆ ವರ್ಷದ ಎರಡೂ ತುದಿಗಳು ಕೈಗೆ ಸಿಗುತ್ತವೆ.

ಜಾಗ

ಕುಂಡಗಳು ಬರುವ ಮೊದಲೇ ಬಿಡಬೇಕಾದ ಜಾಗವನ್ನು ನಿರ್ಧರಿಸಬೇಕು. ಮೆಟ್ಟಿಲಿನಿಂದ ಹೊಸ್ತಿಲಿನವರೆಗೆ ಮೂರು ಅಡಿಯ ದಾರಿ ಖಾಲಿಯಾಗಿರಲಿ. ಗ್ಯಾಸ್ ಸಿಲಿಂಡರ್ ಹೊತ್ತು ತರುವವರು, ಕೈಯಲ್ಲಿ ಸಾಮಾನು ಹಿಡಿದವರು, ಕೋಲೂರಿ ಬರುವ ಹಿರಿಯರು ಅಡ್ಡಿಯಿಲ್ಲದೆ ಬರುವಂತಿರಬೇಕು. ರಂಗೋಲಿ ಹಾಕುವ ಜಾಗವನ್ನು ಬಿಟ್ಟುಬಿಡಬೇಕು, ಏಕೆಂದರೆ ದಿನವೂ ನೀರು ಚೆಲ್ಲಿ ಗುಡಿಸುವ ಜಾಗದಲ್ಲಿ ಕುಂಡವಿದ್ದರೆ ಗುಡಿಸುವವರಿಗೂ ತೊಂದರೆ, ಗಿಡಕ್ಕೂ ತೊಂದರೆ. ಸೂರಿನ ಅಂಚಿನ ನೇರ ಕೆಳಗೆ ಕುಂಡ ಇಡಬಾರದು. ಮಲೆನಾಡು, ಕರಾವಳಿಗಳ ಮಳೆಯಲ್ಲಿ ಸೂರಿನಿಂದ ಸುರಿಯುವ ನೀರು ಒಂದೇ ವಾರದಲ್ಲಿ ಮಣ್ಣು ಕೊರೆದು ಬೇರು ಬಯಲು ಮಾಡುತ್ತದೆ. ಒಂದು ಅಡಿ ಒಳಕ್ಕೆ ಸರಿಸಿದರೆ ಈ ಸಮಸ್ಯೆ ಇರುವುದಿಲ್ಲ. ಕಿಟಕಿಯ ಮೇಲಿನ ಸಜ್ಜದ ಮೇಲೆ ದೊಡ್ಡ ಕುಂಡಗಳನ್ನು ಇಡುವುದು ಅಪಾಯ; 12 ಇಂಚಿನ ಒಂದು ಕುಂಡ ನೀರು ಕುಡಿದ ಮೇಲೆ 20 ಕಿಲೋಗಿಂತ ಹೆಚ್ಚು ತೂಗುತ್ತದೆ.

ಕುಂಡಗಳ ಆಯ್ಕೆ

ನನ್ನ ಅಭಿಪ್ರಾಯದಲ್ಲಿ ಜಗಲಿಯ ನೋಟವನ್ನು ಕೆಡಿಸುವುದು ಗಿಡಗಳಲ್ಲ, ಹತ್ತು ಬಗೆಯ ಸಣ್ಣ ಕುಂಡಗಳ ಜಾತ್ರೆ. ಆರು ಇಂಚಿನ ಇಪ್ಪತ್ತು ಕುಂಡಗಳಿಗಿಂತ 12 ಇಂಚಿನ ಆರು ಕುಂಡಗಳು ಕಣ್ಣಿಗೂ ಚೆನ್ನ, ಗಿಡಕ್ಕೂ ಚೆನ್ನ. ಸಣ್ಣ ಕುಂಡದ ಮಣ್ಣು ಬೇಸಿಗೆಯಲ್ಲಿ ಮಧ್ಯಾಹ್ನದೊಳಗೆ ಒಣಗುತ್ತದೆ, ದೊಡ್ಡ ಕುಂಡದ ಮಣ್ಣು ಎರಡು ದಿನ ತಡೆಯುತ್ತದೆ.

ಮಣ್ಣಿನ ಕುಂಡದ ಮೈಯಿಂದ ನೀರು ಆವಿಯಾಗಿ ಹೊರಹೋಗುವುದರಿಂದ ಬೇರು ತಂಪಾಗಿರುತ್ತದೆ, ಬೇರಿಗೆ ಗಾಳಿ ಸಿಗುತ್ತದೆ, ನೀರು ಹೆಚ್ಚಾದರೂ ಗಿಡ ಬೇಗ ಕೊಳೆಯುವುದಿಲ್ಲ. ಹೊಸದಾಗಿ ಗಿಡ ಬೆಳೆಸುವವರು ಸಾಮಾನ್ಯವಾಗಿ ಅತಿಯಾಗಿ ನೀರು ಹಾಕುವುದರಿಂದ ಅವರಿಗೆ ಇದಕ್ಕಿಂತ ಒಳ್ಳೆಯ ಕುಂಡವಿಲ್ಲ. ಬೆಂಗಳೂರಿನ ಪಾಟರಿ ಟೌನ್‌ನಲ್ಲಿ, ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಮತ್ತು ಬಹುತೇಕ ಎಲ್ಲ ಊರುಗಳ ಸಂತೆಗಳಲ್ಲಿ ಕುಂಬಾರರು ಮಾಡಿದ ಕುಂಡಗಳು ಸಿಗುತ್ತವೆ. ಕೊಳ್ಳುವಾಗ ಕುಂಡವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಚೆನ್ನಾಗಿ ಬೆಂದ ಕುಂಡ ಠಣ್ಣೆಂದು ದನಿ ಕೊಡುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೆ ದನಿ ಮಂಕಾಗಿ, ಒಡಕಾಗಿ ಬರುತ್ತದೆ. ತಳದಲ್ಲಿ ಕಿರುಬೆರಳು ತೂರುವಷ್ಟು ದೊಡ್ಡ ರಂಧ್ರ ಇರಲೇಬೇಕು.

ಮನೆಗೆ ತಂದ ಹೊಸ ಮಣ್ಣಿನ ಕುಂಡಕ್ಕೆ ನೇರವಾಗಿ ಗಿಡ ನೆಡಬಾರದು. ಒಣಗಿದ ಮಣ್ಣಿನ ಗೋಡೆ ಗಿಡಕ್ಕೆ ಹಾಕಿದ ನೀರನ್ನೆಲ್ಲ ತಾನೇ ಹೀರಿಬಿಡುತ್ತದೆ. ದೊಡ್ಡ ಬಕೆಟ್ ಅಥವಾ ತೊಟ್ಟಿಯ ನೀರಿನಲ್ಲಿ ಕುಂಡವನ್ನು ಮುಳುಗಿಸಿದಾಗ ಸಣ್ಣಗೆ ಸುಯ್ಯೆಂದು ಸದ್ದಾಗುತ್ತದೆ, ಮೈಯೆಲ್ಲ ಗುಳ್ಳೆಗಳು ಎದ್ದು ಬರುತ್ತವೆ; ಆ ಗುಳ್ಳೆಗಳು ಪೂರ್ತಿ ನಿಲ್ಲುವವರೆಗೆ, ಸಾಧ್ಯವಾದರೆ ಒಂದು ರಾತ್ರಿ, ಹಾಗೆಯೇ ಬಿಡಬೇಕು. ಹೊರತೆಗೆದಾಗ ಬಣ್ಣ ಒಂದು ಛಾಯೆ ಗಾಢವಾಗಿ, ಕುಂಡ ಕೈಗೆ ಭಾರವಾಗಿ, ಮೊದಲ ಮಳೆಯ ವಾಸನೆ ಬರುತ್ತಿರುತ್ತದೆ.

ಬೋರ್‌ವೆಲ್ ನೀರು ಗಡುಸಾಗಿದ್ದರೆ ಕೆಲವು ತಿಂಗಳಲ್ಲಿ ಕುಂಡದ ಹೊರಮೈ ಮೇಲೆ ಬಿಳಿಯ ಉಪ್ಪಿನ ಪೊರೆ ಬರುತ್ತದೆ. ಗಿಡಕ್ಕೆ ತಕ್ಷಣ ಅದರಿಂದ ಕೇಡಿಲ್ಲ. ತೆಂಗಿನ ನಾರಿಗೆ ಸ್ವಲ್ಪ ವಿನೆಗರ್ ಬೆರೆಸಿದ ನೀರು ಸೋಕಿಸಿ ಉಜ್ಜಿದರೆ ಹೋಗುತ್ತದೆ. ಹಳೆಯ ಕುಂಡಗಳನ್ನೂ ಹೀಗೆಯೇ ತೊಳೆದು, ಬಿಸಿಲಿನಲ್ಲಿ ಎರಡು ದಿನ ಒಣಗಿಸಿ, ಹೊರಮೈಗೆ ಮಾತ್ರ ಜಾಜು ಬಳಿದರೆ ಹೊಸ ಕುಂಡಗಳ ಪಕ್ಕದಲ್ಲಿ ಇಟ್ಟರೂ ಬೇರೆಯಾಗಿ ಕಾಣುವುದಿಲ್ಲ. ಆಯಿಲ್ ಪೇಂಟ್ ಬಳಿಯುವುದನ್ನು ನಾನು ಒಪ್ಪುವುದಿಲ್ಲ. ಅದು ಕುಂಡದ ಮೈಯ ಸೂಕ್ಷ್ಮ ರಂಧ್ರಗಳನ್ನು ಮುಚ್ಚುವುದರಿಂದ ಮಣ್ಣಿನ ಕುಂಡ ಕೊಂಡದ್ದರ ಪ್ರಯೋಜನವೇ ಹೋಗುತ್ತದೆ.

ಸಿಮೆಂಟ್ ಕುಂಡಗಳು ಗಟ್ಟಿಯಾಗಿ, ಗಾಳಿಗೆ ಉರುಳದೆ ನಿಲ್ಲುತ್ತವೆ, ಆದರೆ ಹೊಸ ಸಿಮೆಂಟಿನ ಸುಣ್ಣದ ಅಂಶ ಬೇರಿಗೆ ಹಿತವಲ್ಲ; ಒಂದು ವಾರ ನೀರು ತುಂಬಿಸಿ, ಎರಡು ದಿನಕ್ಕೊಮ್ಮೆ ಆ ನೀರನ್ನು ಚೆಲ್ಲಿ ಬದಲಾಯಿಸಿದ ಮೇಲೆಯೇ ಬಳಸಬೇಕು. ಪ್ಲಾಸ್ಟಿಕ್ ಮತ್ತು ಫೈಬರ್ ಕುಂಡಗಳು ಹಗುರ. ಎತ್ತಿ ಇಳಿಸಬೇಕಾದ ಗಿಡಗಳಿಗೆ, ಹೆಚ್ಚು ತೇವ ಬಯಸುವ ಫರ್ನ್‌ಗಳಿಗೆ ಅವು ಸರಿ. ಸೆರಾಮಿಕ್ ಕುಂಡಗಳಲ್ಲಿ ಕೆಲವಕ್ಕೆ ತಳದಲ್ಲಿ ರಂಧ್ರವೇ ಇರುವುದಿಲ್ಲ. ಅಂಥವನ್ನು ಹೊರಕವಚವಾಗಿ ಮಾತ್ರ ಬಳಸಿ, ಗಿಡವನ್ನು ಒಳಗೊಂದು ಪ್ಲಾಸ್ಟಿಕ್ ಕುಂಡದಲ್ಲಿ ನೆಟ್ಟು ಕೂರಿಸಬೇಕು.

ಕೆಂಪು ಗಾರೆಯ ನೆಲವಿದ್ದವರು ಒಂದು ಎಚ್ಚರ ವಹಿಸಬೇಕು. ಕುಂಡವನ್ನು ನೇರವಾಗಿ ನೆಲದ ಮೇಲೆ ಇಟ್ಟರೆ ಅಡಿಯಲ್ಲಿ ತೇವ ನಿಂತು, ಬಿಳಿಯ ಬಳೆಯಂಥ ಕಲೆ ಉಳಿಯುತ್ತದೆ. ನಮ್ಮ ಜಗಲಿಯಲ್ಲಿ ಅಂಥ ಆರು ಬಳೆಗಳು ಇಂದಿಗೂ ಇವೆ, ಎಷ್ಟು ತೆಂಗಿನೆಣ್ಣೆ ಹಚ್ಚಿ ಉಜ್ಜಿದರೂ ಹೋಗಿಲ್ಲ. ಪ್ರತಿ ಕುಂಡದ ಕೆಳಗೆ ಮೂರು ಹೆಂಚಿನ ತುಂಡುಗಳನ್ನೋ ಕಬ್ಬಿಣದ ಸ್ಟ್ಯಾಂಡನ್ನೋ ಕೊಟ್ಟು ಒಂದು ಇಂಚು ಎತ್ತರಿಸಿದರೆ ನೀರು ಹರಿದುಹೋಗುತ್ತದೆ, ಗಾಳಿಯಾಡುತ್ತದೆ, ಇರುವೆ ಗೂಡು ಕಟ್ಟುವುದಿಲ್ಲ, ನೆಲ ಒರೆಸುವುದೂ ಸುಲಭ.

ಮಣ್ಣಿನ ಮಿಶ್ರಣ

12 ಇಂಚಿನ ಕುಂಡಕ್ಕೆ ಸುಮಾರು 15 ಲೀಟರ್, ಅಂದರೆ ಸ್ನಾನದ ಒಂದು ಬಕೆಟ್‌ನಷ್ಟು ಮಿಶ್ರಣ ಬೇಕಾಗುತ್ತದೆ. ಹೂಗಿಡಗಳಿಗೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ, ಒಂದು ಪಾಲು ಕೊಕೊಪೀಟ್ ಬೆರೆಸಿ, ಪ್ರತಿ ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸಿದರೆ ಸಾಕು. ನೆರಳಿನ ಎಲೆಗಿಡಗಳಿಗೆ ಮೂರನ್ನೂ ಸಮನಾಗಿ ಬೆರೆಸಬೇಕು. ಜೋರು ಮಳೆಯ ಊರುಗಳಲ್ಲಿ ಇದಕ್ಕೆ ಅರ್ಧ ಪಾಲು ದಪ್ಪ ಮರಳು ಸೇರಬೇಕು. ಕರಾವಳಿಯವರು ಕಡಲತೀರದ ಮರಳನ್ನು ಮಾತ್ರ ಮುಟ್ಟಬಾರದು, ಅದರ ಉಪ್ಪು ಬೇರನ್ನು ಸುಡುತ್ತದೆ. ಗೊಬ್ಬರ ಕಳಿತಿದೆಯೇ ಎಂಬುದನ್ನು ಮೂಗೇ ಹೇಳುತ್ತದೆ. ಸಗಣಿಯ ವಾಸನೆ ಹೋಗಿ ಕಾಡಿನ ಮಣ್ಣಿನ ವಾಸನೆ ಬಂದಿರಬೇಕು, ಹಿಡಿದರೆ ಬಿಸಿ ಇರಬಾರದು.

ಕೊಕೊಪೀಟ್ ಇಟ್ಟಿಗೆಯನ್ನು ನೀರಿನಲ್ಲಿ ನೆನೆಸಿ ಅರಳಿಸಿ, ಎರಡು ಮೂರು ಬಾರಿ ನೀರು ಬದಲಾಯಿಸಿ ಹಿಂಡಬೇಕು, ಏಕೆಂದರೆ ತೊಳೆಯದ ತೆಂಗಿನ ನಾರಿನ ಪುಡಿಯಲ್ಲಿ ಉಪ್ಪಿನ ಅಂಶ ಇರುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ‘ಅರ್ಕಾ’ ಹೆಸರಿನಲ್ಲಿ ಹುದುಗಿಸಿದ ಕೊಕೊಪೀಟ್ ಅಭಿವೃದ್ಧಿಪಡಿಸಿದೆ. ಅದು ಸಿಗುವ ಕಡೆ ಈ ಶ್ರಮ ಉಳಿಯುತ್ತದೆ.

ಕುಂಡದ ತಳಕ್ಕೆ ಎರಡು ಇಂಚು ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ಬಹಳ ಹಳೆಯದು, ಆದರೆ ಸರಿಯಲ್ಲ. ನವುರಾದ ಮಣ್ಣಿನಿಂದ ನೀರು ದಪ್ಪ ಜಲ್ಲಿಯೊಳಕ್ಕೆ ಸುಲಭವಾಗಿ ಇಳಿಯುವುದಿಲ್ಲ. ಮಣ್ಣು ಪೂರ್ತಿ ತೊಯ್ದು ತೊಟ್ಟಿಕ್ಕುವವರೆಗೆ ಅದು ಜಲ್ಲಿಯ ಮೇಲೆಯೇ ನಿಂತಿರುತ್ತದೆ. ಹೀಗಾಗಿ ಜಲ್ಲಿಯಿಂದ ಆಗುವುದಿಷ್ಟೆ: ಬೇರಿಗೆ ಸಿಗಬೇಕಾದ ಎರಡು ಇಂಚು ಮಣ್ಣು ಕಡಿಮೆಯಾಗಿ, ನೀರು ನಿಲ್ಲುವ ಜಾಗ ಬೇರಿಗೆ ಅಷ್ಟೇ ಹತ್ತಿರ ಬರುತ್ತದೆ. ರಂಧ್ರದ ಮೇಲೆ ಬಾಗಿದ ಒಂದು ಹೆಂಚಿನ ಚೂರನ್ನು ಮಣ್ಣು ಸೋರದಂತೆ ಬೋರಲಾಗಿ ಇಟ್ಟರೆ ಬೇರೇನೂ ಬೇಕಾಗಿಲ್ಲ.

ಯಾವ ಬಿಸಿಲಿಗೆ ಯಾವ ಗಿಡ

ಐದು ಗಂಟೆಗೂ ಹೆಚ್ಚು ನೇರ ಬಿಸಿಲು ಬೀಳುವ ಪಟ್ಟಿಯಲ್ಲಿ ದಾಸವಾಳ, ಗುಲಾಬಿ, ಕೇಪಳ, ನಿತ್ಯಪುಷ್ಪ, ಕಾಗದದ ಹೂವು ಎಂದು ಕರೆಯುವ ಬೋಗನ್‌ವಿಲ್ಲಾ, ಟೇಬಲ್ ರೋಸ್ ಇವೆಲ್ಲ ಚೆನ್ನಾಗಿ ಬರುತ್ತವೆ. ಪಶ್ಚಿಮದ ಕಾವಿಗೆ ಬೋಗನ್‌ವಿಲ್ಲಾ ಮತ್ತು ಅಡೇನಿಯಂ ಇವೆರಡೇ ನಿಜವಾಗಿ ಎದೆಯೊಡ್ಡಿ ನಿಲ್ಲುವ ಗಿಡಗಳು. ಜಗಲಿಯ ಕಂಬ ಬಿಸಿಲಿನಲ್ಲಿದ್ದರೆ ಅದರ ಬುಡಕ್ಕೆ 14 ಇಂಚಿನ ಕುಂಡ ಇಟ್ಟು ಜಾಜಿಯನ್ನೋ ಶಂಖಪುಷ್ಪವನ್ನೋ ಹಬ್ಬಿಸಬಹುದು. ಮೈಸೂರು ಮಲ್ಲಿಗೆಯಂಥ ಪೊದೆ ಮಲ್ಲಿಗೆಯೂ ದೊಡ್ಡ ಕುಂಡದಲ್ಲಿ ಹೂ ಕೊಡುತ್ತದೆ, ಆದರೆ ಅದಕ್ಕೆ ಬಿಸಿಲು ಕಡಿಮೆಯಾದರೆ ಎಲೆ ಮಾತ್ರ ಉಳಿಯುತ್ತದೆ.

ಎರಡು ಮೂರು ಗಂಟೆಯ ಎಳೆಬಿಸಿಲಿಗೆ ಕ್ರೋಟನ್, ಅರೆಕಾ ಪಾಮ್, ದೊಡ್ಡಪತ್ರೆ, ಕನಕಾಂಬರ ಸೂಕ್ತ. ಬೆಳಕು ಮಾತ್ರ ಇರುವ ಪಟ್ಟಿಗೆ ಅಗ್ಲೋನಿಮಾ, ಸ್ನೇಕ್ ಪ್ಲಾಂಟ್, ಝಡ್‌ಝಡ್ ಪ್ಲಾಂಟ್, ಪೀಸ್ ಲಿಲಿ, ಸಿಂಗೋನಿಯಂ, ಮನಿ ಪ್ಲಾಂಟ್ ಮತ್ತು ಫರ್ನ್‌ಗಳಿವೆ. ನೆರಳಿನ ಜಗಲಿಯವರು ಹೂವಿಲ್ಲವೆಂದು ಕೊರಗುವ ಅಗತ್ಯವಿಲ್ಲ. ಅಗ್ಲೋನಿಮಾದ ಕೆಂಪು ಅಂಚಿನ ಎಲೆಗಳು ವರ್ಷಪೂರ್ತಿ ಬಣ್ಣ ಕೊಡುತ್ತವೆ, ಹೂವು ಕೊಡುವುದು ಹೆಚ್ಚೆಂದರೆ ಕೆಲವು ವಾರ.

ತುಳಸಿಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಪೋರ್ಟಿಕೋದ ಒಳಗೆ, ಬಾಗಿಲಿನ ಪಕ್ಕದಲ್ಲಿ ಅಂದವಾದ ಬೃಂದಾವನ ಕಟ್ಟಿಸಿ, ಅದರಲ್ಲಿ ಎರಡು ತಿಂಗಳಿಗೊಂದು ತುಳಸಿ ಒಣಗುವುದನ್ನು ನೋಡಿ ನೊಂದುಕೊಳ್ಳುವ ಅನೇಕರನ್ನು ಕಂಡಿದ್ದೇನೆ. ಮನೆಗೆ ಏನೋ ಕೆಟ್ಟದಾಗುತ್ತದೆ ಎಂದು ಹೆದರುವವರೂ ಇದ್ದಾರೆ. ಹೆದರುವುದಕ್ಕೆ ಕಾರಣವಿಲ್ಲ, ತುಳಸಿಗೆ ದಿನಕ್ಕೆ ಐದಾರು ಗಂಟೆಯ ಬಿಸಿಲು ಬೇಕು, ಸೂರಿನ ಕೆಳಗೆ ಅದು ಸಿಗುವುದಿಲ್ಲ, ಅದರ ಜೊತೆಗೆ ದಿನವೂ ಪೂಜೆಯ ನೀರು ಬಿದ್ದು ಬೇರು ಕೊಳೆಯುತ್ತದೆ. ಎರಡು ತುಳಸಿ ಗಿಡಗಳನ್ನು 8 ಇಂಚಿನ ಪ್ಲಾಸ್ಟಿಕ್ ಕುಂಡಗಳಲ್ಲಿ ಬೆಳೆಸಿ, ಒಂದು ಬೃಂದಾವನದೊಳಗೆ ಕೂತಿರುವಾಗ ಇನ್ನೊಂದನ್ನು ತಾರಸಿಯ ಬಿಸಿಲಿನಲ್ಲಿ ಇಟ್ಟು, ವಾರಕ್ಕೊಮ್ಮೆ ಅದಲುಬದಲು ಮಾಡಿದರೆ ಎರಡೂ ಚೆನ್ನಾಗಿರುತ್ತವೆ. ತೆನೆ ಬಂದ ಕೂಡಲೇ ಚಿವುಟುತ್ತಿರಬೇಕು; ಬೀಜ ಕಟ್ಟಿದ ತುಳಸಿ ಬೇಗ ಮುದಿಯಾಗುತ್ತದೆ. ಕಾರ್ತಿಕದ ಉತ್ಥಾನ ದ್ವಾದಶಿಗೆ ಗಿಡ ತುಂಬಿಕೊಂಡಿರಬೇಕೆಂದರೆ ಶ್ರಾವಣದಿಂದಲೇ ಈ ಚಿವುಟುವ ಕೆಲಸ ತಪ್ಪಬಾರದು.

ಸೇವಂತಿಗೆ ಇಡುವವರು ಜಗಲಿಯ ದೀಪದ ಕಡೆ ಗಮನ ಕೊಡಬೇಕು. ರಾತ್ರಿ ದೀರ್ಘವಾದಾಗ ಮಾತ್ರ ಮೊಗ್ಗು ಕಟ್ಟುವುದು ಸೇವಂತಿಗೆಯ ಗುಣ. ಹೂವನ್ನು ತಡಮಾಡಿ ಒಳ್ಳೆಯ ಬೆಲೆ ಪಡೆಯಲೆಂದು ಬೆಳೆಗಾರರು ಹೊಲದಲ್ಲಿ ರಾತ್ರಿ ಸಾಲು ಸಾಲಾಗಿ ಬಲ್ಬ್ ಉರಿಸುವುದು ಈ ಕಾರಣಕ್ಕೇ. ರಾತ್ರಿಯಿಡೀ ಉರಿಯುವ ಜಗಲಿಯ ದೀಪದ ಕೆಳಗೆ ಇಟ್ಟ ಸೇವಂತಿಗೆಯೂ ಹಾಗೆಯೇ ಎಲೆ ಬಿಡುತ್ತಾ ಕೂರುತ್ತದೆ.

ಮಕ್ಕಳು ಅಥವಾ ನಾಯಿ, ಬೆಕ್ಕು ಇರುವ ಮನೆಗೆ ಕಣಗಿಲೆ ಮತ್ತು ಡೈಫೆನ್‌ಬಾಕಿಯಾ ತರಬಾರದು. ಕಣಗಿಲೆಯ ಎಲ್ಲ ಭಾಗವೂ ವಿಷ. ಡೈಫೆನ್‌ಬಾಕಿಯಾದ ಎಲೆ ಅಗಿದರೆ ಬಾಯಿ, ನಾಲಿಗೆ ಊದಿಕೊಳ್ಳುತ್ತವೆ. ಅಡೇನಿಯಂನ ಹಾಲೂ ವಿಷವೇ ಆದ್ದರಿಂದ ಅದನ್ನು ಕೈಗೆಟುಕದ ಎತ್ತರದಲ್ಲಿ ಇಡಬೇಕು.

ನರ್ಸರಿಯಲ್ಲಿ ಕೊಳ್ಳುವಾಗ ಹೂ ಹೆಚ್ಚಿರುವ ಗಿಡಕ್ಕಿಂತ ಕವಲು ಹೆಚ್ಚಿರುವ ಗಿಡ ಆರಿಸಬೇಕು. ಎಲೆ ತಿರುವಿ ಕೆಳಮೈ ನೋಡಿ. ಹತ್ತಿಯಂಥ ಬಿಳಿ ಹಿಟ್ಟು ಕಂಡರೆ ಆ ಗಿಡವನ್ನೂ ಅದರ ಪಕ್ಕದ ಗಿಡವನ್ನೂ ಬಿಡಬೇಕು. ಬೆಂಗಳೂರಿನವರಿಗೆ ಲಾಲ್‌ಬಾಗ್ ಮತ್ತು ಅದರ ಪಕ್ಕದ ಸಿದ್ದಾಪುರದ ನರ್ಸರಿಗಳಲ್ಲಿ ಒಂದೇ ಬೆಳಿಗ್ಗೆ ಹತ್ತಾರು ಕಡೆ ಹೋಲಿಸಿ ನೋಡುವ ಅನುಕೂಲವಿದೆ.

ನೆಡುವ ಕ್ರಮ

ತಂದ ದಿನವೇ ನೆಡಬೇಡಿ. ನರ್ಸರಿಯ ಹಸಿರು ಬಲೆಯ ಕೆಳಗೆ ಬೆಳೆದ ಗಿಡ ಹೊಸ ಜಾಗದ ಗಾಳಿ, ಕಾವುಗಳಿಗೆ ಒಗ್ಗಲು ಒಂದು ವಾರ ನೆರಳಿನಲ್ಲಿ ಇರಲಿ. ಹುಳು ಇದ್ದರೆ ಅಷ್ಟರಲ್ಲಿ ಕಾಣಿಸಿಕೊಳ್ಳುತ್ತದೆ. ಅನಂತರ ಬಿಸಿಲು ಇಳಿದ ಸಂಜೆ ನೆಡುವುದು ಉತ್ತಮ. ಸಣ್ಣ ಗಿಡವನ್ನು ಒಮ್ಮೆಲೇ ದೊಡ್ಡ ಕುಂಡಕ್ಕೆ ಹಾಕಬಾರದು, ಬೇರು ತಲುಪದ ಮಣ್ಣು ಹಸಿಯಾಗಿಯೇ ಉಳಿದು ಕೊಳೆತ ಶುರುವಾಗುತ್ತದೆ. ಈಗಿರುವ ಕವರಿಗಿಂತ ಎರಡರಿಂದ ನಾಲ್ಕು ಇಂಚು ಅಗಲವಾದ ಕುಂಡ ಸಾಕು. ಜಗಲಿಗೆ 12 ಇಂಚಿನ ಕುಂಡವೇ ಬೇಕೆಂದರೆ ಅದಕ್ಕೆ ತಕ್ಕ ಗಾತ್ರದ ಗಿಡವನ್ನೇ ಕೊಳ್ಳಬೇಕು, ಇಲ್ಲವೇ ಒಂದೇ ಬಗೆಯ ಮೂರು ಸಣ್ಣ ಗಿಡಗಳನ್ನು ಒಟ್ಟಿಗೆ ನೆಡಬೇಕು.

ನಮ್ಮ ನರ್ಸರಿಗಳಿಗೆ ಬರುವ ಗಿಡಗಳಲ್ಲಿ ಅನೇಕವು ಆಂಧ್ರದ ರಾಜಮಹೇಂದ್ರಿಯ ಹತ್ತಿರದ ಕಡಿಯಂನಿಂದ ಬರುತ್ತವೆ. ಅಲ್ಲಿಂದ ಬಂದ ಗಿಡದ ಕವರು ಬಿಚ್ಚಿದರೆ ಗೋದಾವರಿ ಬಯಲಿನ ಜಿಗುಟು ಮಣ್ಣಿನ ಗಟ್ಟಿ ಮುದ್ದೆ ಕಾಣುತ್ತದೆ. ಅದನ್ನು ಹಾಗೆಯೇ ನೆಟ್ಟರೆ ನೀವು ಹಾಕಿದ ನೀರು ಸುತ್ತಲಿನ ಸಡಿಲ ಮಣ್ಣಿನಲ್ಲಿ ಹರಿದುಹೋಗುತ್ತದೆ, ಮುದ್ದೆಯ ಒಳಗೆ ಬೇರು ಒಣಗುತ್ತದೆ. ಮುದ್ದೆಯನ್ನು ಅರ್ಧ ಗಂಟೆ ಬಕೆಟ್ ನೀರಿನಲ್ಲಿ ಕೂರಿಸಿ, ಮೆತ್ತಗಾದ ಮೇಲೆ ಹೊರಗಿನ ಮೂರರಲ್ಲೊಂದು ಪಾಲು ಮಣ್ಣನ್ನು ಬೆರಳಿನಿಂದ ನಿಧಾನವಾಗಿ ಬಿಡಿಸಿ, ತಳದಲ್ಲಿ ಸುರುಳಿ ಸುತ್ತಿದ ಬೇರುಗಳನ್ನು ಕತ್ತರಿಸಿ ತೆಗೆಯಬೇಕು. ಆಮೇಲೆ ಹೆಂಚಿನ ಚೂರಿನ ಮೇಲೆ ಮಿಶ್ರಣ ಹಾಕಿ, ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳದಲ್ಲಿ ಗಿಡವನ್ನು ನಿಲ್ಲಿಸಿ, ಸುತ್ತ ಮಣ್ಣು ತುಂಬಿ ಬೆರಳಿನಿಂದ ಹದವಾಗಿ ಒತ್ತಬೇಕು. ಕುಂಡದ ಅಂಚಿನಿಂದ ಒಂದು ಇಂಚು ಖಾಲಿ ಬಿಟ್ಟರೆ ನೀರು ಹಾಕಿದಾಗ ಮಣ್ಣು ಹೊರಚೆಲ್ಲುವುದಿಲ್ಲ. ತಳದ ರಂಧ್ರದಿಂದ ನೀರು ಹೊರಬರುವವರೆಗೆ ಒಮ್ಮೆ ಪೂರ್ತಿ ನೀರುಣಿಸಿ, ಎಂಟು ಹತ್ತು ದಿನ ನೆರಳಿನಲ್ಲಿಟ್ಟು, ಹೊಸ ಚಿಗುರು ಕಂಡ ಮೇಲೆ ಅದರ ಖಾಯಂ ಜಾಗಕ್ಕೆ ತರಬೇಕು. ಮೊದಲ ಆರು ವಾರ ಗೊಬ್ಬರದ ಮಾತೇ ಬೇಡ.

ಜೋಡಣೆ

ಬಾಗಿಲಿನ ಎರಡೂ ಬದಿಗೆ ಒಂದೇ ಗಾತ್ರದ, ಒಂದೇ ಬಗೆಯ ಎರಡು ಕುಂಡಗಳನ್ನು ಇಟ್ಟರೆ ಜಗಲಿಗೆ ತಕ್ಷಣ ಒಂದು ಗಾಂಭೀರ್ಯ ಬರುತ್ತದೆ. ಉಳಿದವನ್ನು ಒಂದು ಮೂಲೆಯಲ್ಲಿ ಗುಂಪಾಗಿ, ಎತ್ತರದ ಅರೆಕಾ ಹಿಂದೆ, ನಡುವೆ ಕ್ರೋಟನ್, ಮುಂದೆ ಅಂಚಿನಿಂದ ಇಳಿಬೀಳುವ ಸಿಂಗೋನಿಯಂ ಬರುವಂತೆ ಇಡಿ. ಗೋಡೆಯುದ್ದಕ್ಕೂ ಶಾಲೆಯ ಪ್ರಾರ್ಥನೆಯ ಸಾಲಿನಂತೆ ಕುಂಡ ನಿಲ್ಲಿಸಿದರೆ ಯಾವ ಗಿಡವೂ ಎದ್ದು ಕಾಣುವುದಿಲ್ಲ. ಎಲ್ಲ ಮುಗಿದ ಮೇಲೆ ಗೇಟಿನ ಹೊರಗೆ ನಿಂತು ನೋಡಿ. ಒಳಗಿನಿಂದ ಚೆನ್ನಾಗಿ ಕಂಡದ್ದು ಬೀದಿಯಿಂದ ಬೇರೆಯೇ ಆಗಿ ಕಾಣುತ್ತದೆ.

ನೀರು ಮತ್ತು ಆರೈಕೆ

ದಿನಕ್ಕೆ ಇಷ್ಟು ಚೊಂಬು ಎಂಬ ಲೆಕ್ಕ ಬೇಡ. ತೋರುಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ, ಒಳಗೆ ಒಣಗಿದ್ದರೆ ಮಾತ್ರ ನೀರು ಹಾಕಬೇಕು. ಮಳೆಗಾಲದಲ್ಲಿ ಹೊರಗೆ ಸುರಿಯುತ್ತಿದ್ದರೂ ಸೂರಿನ ಕೆಳಗಿನ ಗಿಡಕ್ಕೆ ಹನಿಯೂ ಬೀಳದಿರಬಹುದು ಎಂಬುದನ್ನು ಮರೆಯಬಾರದು. ಜುಲೈ ತಿಂಗಳಲ್ಲಿ ಜಗಲಿಯ ಗಿಡಗಳು ಒಣಗುವುದು ಈ ಮರೆವಿನಿಂದ. ಕುಂಡದ ಕೆಳಗೆ ತಟ್ಟೆ ಇಟ್ಟಿದ್ದರೆ ವಾರಕ್ಕೆ ಎರಡು ಸಲ ಅದರ ನೀರು ಚೆಲ್ಲಿ, ಒಳಮೈಯನ್ನು ಉಜ್ಜಿ ತೊಳೆಯಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ನಿಂತ ನೀರಿನಲ್ಲೇ ಮೊಟ್ಟೆಯಿಟ್ಟು, ಏಳರಿಂದ ಹತ್ತು ದಿನಗಳಲ್ಲಿ ಮರಿ ಸೊಳ್ಳೆಯಾಗಿ ಹಾರುತ್ತದೆ; ಮೊಟ್ಟೆಗಳು ತಟ್ಟೆಯ ಅಂಚಿಗೆ ಅಂಟಿರುವುದರಿಂದ ನೀರು ಚೆಲ್ಲಿದರಷ್ಟೇ ಸಾಲದು.

ಬಿಳಿ ಹಿಟ್ಟು ತಿಗಣೆ ದಾಸವಾಳಕ್ಕೆ ತಪ್ಪದೇ ಬರುತ್ತದೆ. ಮೊದಲು ಜೋರಾದ ನೀರಿನಿಂದ ಎಲೆಯ ಕೆಳಮೈ ತೊಳೆದು, ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ ಮತ್ತು ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ, ಸಂಜೆ ಹೊತ್ತು ವಾರಕ್ಕೊಮ್ಮೆ ಮೂರು ಬಾರಿ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ.

ನಮ್ಮ ಮನೆಯಲ್ಲಿ ಉಳಿದ ನಾಲ್ಕು ಗುಲಾಬಿಗಳು ಈಗ 10 ಇಂಚಿನ ಪ್ಲಾಸ್ಟಿಕ್ ಕುಂಡಗಳಲ್ಲಿವೆ. ಜಗಲಿಯಲ್ಲಿ ಇರುವಾಗ ಆ ಕುಂಡಗಳು 14 ಇಂಚಿನ ಮಣ್ಣಿನ ಕುಂಡಗಳ ಒಳಗೆ ಕೂರುತ್ತವೆ. ಮಾರ್ಚ್ ಕೊನೆಯಲ್ಲಿ, ಸೀಮೆಸುಣ್ಣದ ಗೆರೆ ಎರಡು ಅಡಿಗೆ ಇಳಿದಾಗ, ಒಳಕುಂಡಗಳನ್ನು ಎತ್ತಿ ತಾರಸಿಗೆ ಒಯ್ದು, ಖಾಲಿಯಾದ ಮಣ್ಣಿನ ಕುಂಡಗಳಲ್ಲಿ ಅಗ್ಲೋನಿಮಾ ಮತ್ತು ಪೀಸ್ ಲಿಲಿ ಕುಂಡಗಳನ್ನು ಇಳಿಸುತ್ತೇನೆ. ಗುಲಾಬಿಯನ್ನು ಸವರಿದ ಆರೇಳು ವಾರಕ್ಕೆ ಹೂ ಬರುವುದರಿಂದ, ಪಂಚಾಂಗ ನೋಡಿ ವಿಜಯದಶಮಿಗೆ ಏಳು ವಾರ ಮುಂಚಿನ ಒಂದು ದಿನ ಗುರುತು ಹಾಕಿಕೊಂಡು, ತಾರಸಿಯಲ್ಲೇ ಕೊಂಬೆಗಳನ್ನು ಅರ್ಧಕ್ಕೆ ಸವರಿ, ಬುಡಕ್ಕೆ ಎರಡು ಹಿಡಿ ಎರೆಹುಳು ಗೊಬ್ಬರ ಕೊಡುತ್ತೇನೆ. ಮೊಗ್ಗು ಬಣ್ಣ ತೋರುವ ಹೊತ್ತಿಗೆ, ಬಿಸಿಲು ಮತ್ತೆ ದಕ್ಷಿಣದಿಂದ ಜಗಲಿಯೊಳಕ್ಕೆ ಕಾಲಿಡುತ್ತಿರುವಾಗ, ಅವು ಕೆಳಗಿಳಿಯುತ್ತವೆ.